ನೀರಿನ ಸೇತುವೆಯಿಂದ ಕಿತ್ತ ಕಲ್ಲು

ಮಾರ್ಚ್ ಒಂಬತ್ತರ ಬೆಳಗ್ಗೆ ವೇಲ್ಸ್‌ನ ಕುಮ್‌ವೆನ್ ಠಾಣೆಗೆ ದೂರು ಬಂತು. ವಿಕ್ಟೋರಿಯಾ ರಾಣಿಯ ಕಾಲದ ನೀರಿನ ಸೇತುವೆಯ ತಡೆಗೋಡೆಯಿಂದ ಯಾರೋ ಕಲ್ಲೊಂದನ್ನು ಕಿತ್ತು ಒಯ್ದಿದ್ದರು. ದೂರುದಾರ ನೀರು ಕಂಪನಿಯ ಮ್ಯಾನೇಜರ್ ಕ್ರಾಲೆ. ಇನ್‌ಸ್ಪೆಕ್ಟರ್ ಮೆರೆರಿಡ್ ಪ್ರಕರಣ ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಇದ್ವಾಲ್‌ನೊಂದಿಗೆ ಸ್ಥಳಕ್ಕೆ ಹೋದಳು.

ಹೊಳೆಗೆ ಅಡ್ಡಲಾಗಿ ಐದು ಕಮಾನುಗಳು. ಕಲ್ಲಿಗೆ ಕಲ್ಲು ಕೂದಲೆಳೆ ಸಂದಿಲ್ಲದೆ ಕೂತಿತ್ತು. ಮೇಲಿನ ಮುಚ್ಚುಗಾಲುವೆಯಲ್ಲಿ ಗುಡ್ಡದ ಸುರಂಗದಿಂದ ಬಂದ ನೀರು, ಪಂಪಿನ ಹಂಗಿಲ್ಲದೆ ಬರೀ ಇಳಿಜಾರಿನ ಬಲದಿಂದ, ದೂರದ ಇಂಗ್ಲಿಷ್ ನಗರಕ್ಕೆ ಹರಿಯುತ್ತಿತ್ತು. ತುದಿಯ ತೂಬಿನ ಮನೆಗೆ ತಾಮ್ರದ ಗುಮ್ಮಟ.

"ಪಾರಂಪರಿಕ ಕಟ್ಟಡ ಮೇಡಂ! ಹೋದ ಬೇಸಿಗೇಲಷ್ಟೇ ಗೋಡೆ ರಿಪೇರಿ ಮಾಡ್ಸಿದ್ದು. ಕದ್ದವನು ಜೈಲಿಗೆ ಹೋಗ್ಬೇಕು," ಎಂದು ಕ್ರಾಲೆ ಹಾರಾಡಿದ.

ಮಹಜರು ಬರೆಯುವಾಗ ಮೆರೆರಿಡ್‌ಗೆ ಎರಡು ಸಂಗತಿ ಕಂಡವು. ಕಿತ್ತವನು ಗಾರೆಯನ್ನು ಉಳಿಯಿಂದ ಜೋಪಾನವಾಗಿ ಬಿಡಿಸಿದ್ದ. ಪಕ್ಕದ ಕಲ್ಲಿನ ಒಳಮೈಯಲ್ಲಿ ಅಕ್ಷರಗಳಿದ್ದವು. ಯಾರದೋ ಹೆಸರು, ಸತ್ತ ವರ್ಷ.

"ಈ ಕಲ್ಲು ಎಲ್ಲಿಂದ ತಂದ್ರಿ?"

"ಹೊಂದಿಕೆಗೆ ಹಳೇ ಕಲ್ಲೇ ಬೇಕಿತ್ತು. ಮುಚ್ಚಿಹೋದ ಚರ್ಚಿನ ಅಂಗಳದ್ದು."

"ಅಂಗಳ ಅಲ್ಲ ಕಣ್ರೀ, ಸ್ಮಶಾನ!"

"ಬರಹ ಒಳಗ್ಮಾಡಿ ಇಟ್ಟಿದೀವಲ್ಲ. ಯಾರಿಗೆ ಕಾಣುತ್ತೆ?"

ಮೆರೆರಿಡ್ ಆ ಮಾತನ್ನೂ ಮಹಜರಿನಲ್ಲಿ ಬರೆದುಕೊಂಡಳು.

ಕೆಸರಿನಲ್ಲಿ ಗಾಲಿ ಗುರುತು, ಅದರುದ್ದಕ್ಕೂ ಉದುರಿದ ಗಾರೆ. ಅದನ್ನೇ ಹಿಡಿದು ಹೋದರೆ ಗೆಥಿನ್ ಎಂಬ ಮುದುಕನ ಕುರಿದೊಡ್ಡಿ ಸಿಕ್ಕಿತು.

"ಕಲ್ಲು ಎಲ್ಲಿ?"

"ಬಾರಮ್ಮ, ತೋರಿಸ್ತೀನಿ. ಬಚ್ಚಿಡೋಕೆ ನಾನೇನು ಕಳ್ಳನಾ?"

ಮನೆಯ ಹಿಂದೆ ಕಲ್ಲು ನೆಟ್ಟಗೆ ನಿಂತಿತ್ತು. 'ಓವೈನ್, ನಾಲ್ಕು ವರ್ಷ.' ಮೂಲೆಯಲ್ಲೊಂದು ಟಿಟ್ಟಿಭ ಹಕ್ಕಿ.

"ನನ್ ತಮ್ಮ. ಹಕ್ಕಿ ಕೆತ್ತಿದ್ದು ಅಪ್ಪ. ಗೋಡೆ ಅಂಚಲ್ಲಿ ಅದರ ಕಾಲು ಇಣುಕ್ತಿತ್ತು, ಗುರುತು ಸಿಕ್ತು."

"ಕಂಪನಿಗೆ ಹೇಳಿದ್ರಾ?"

"ಹೇಳಿ ಹೇಳಿ ಬಾಯಿ ಒಣಗ್ತು. ಕಲ್ಲು ಅಂದ್ರೆ ಕಲ್ಲು ಅಂದ ಆ ಕ್ರಾಲೆ. ತಾತನ ಕಾಲದಲ್ಲಿ ಹಳ್ಳಿ ಮುಳುಗಿಸಿ ನೀರು ತಗೊಂಡ್ರು. ಆ ನೀರಿಗೆ ಅರಮನೆ ಕಟ್ಟಿದ್ರು. ಹಾಳಾಗ್ಲಿ ಅಂದ್ಕೊಂಡ್ವಿ. ಈಗ ಸತ್ತ ಕೂಸನ್ನೂ ಬಿಡಲ್ಲ ಅಂದ್ರೆ!"

ಕಾನೂನು ಕಾನೂನೇ. ಪಾರಂಪರಿಕ ಕಟ್ಟಡಕ್ಕೆ ಹಾನಿ ಮಾಡಿದ ಆರೋಪದ ಮೇಲೆ ಅವನನ್ನು ಬಂಧಿಸಬೇಕಾಯಿತು. ಇದ್ವಾಲ್ ಬೇಡಿ ತೆಗೆದ. ಮೆರೆರಿಡ್ ಗದರಿದಳು: "ಒಳಗಿಡು ಅದನ್ನ!"

ಠಾಣೆಯಲ್ಲಿ ಕ್ರಾಲೆ ಕೈ ಉಜ್ಜುತ್ತಾ ನಿಂತಿದ್ದ. "ಶಹಬ್ಬಾಸ್ ಮೇಡಂ. ಕಲ್ಲು ಯಾವಾಗ ಕೊಡ್ತೀರಿ?"

"ಕಲ್ಲು ಸಾಕ್ಷ್ಯ. ನಿಂತಲ್ಲೇ ನಿಂತಿರುತ್ತೆ. ನೀವು ಕೂತ್ಕೊಳ್ಳಿ. ಸಮಾಧಿಕಲ್ಲು ಕಿತ್ತದ್ದಕ್ಕೆ ಇನ್ನೊಂದು ಪ್ರಕರಣ ದಾಖಲಾಗಿದೆ. ಆರೋಪಿ ನೀವು."

ಸಂಜೆ ಗೆಥಿನ್ ಹೇಳಿಕೆ ಕೊಟ್ಟ. ಸಾಯುವ ಮುಂಚೆ ತಾಯಿ ಅವನಿಂದ ಮಾತು ತೆಗೆದುಕೊಂಡಿದ್ದಳಂತೆ, ಓವೈನ್‌ನ ಕಲ್ಲಿನ ಸುತ್ತ ಹುಲ್ಲು ಬೆಳೆಯಲು ಬಿಡಬಾರದೆಂದು. ವರ್ಷಾ ವರ್ಷ ಸ್ಮಶಾನಕ್ಕೆ ಹೋಗಿ ಕತ್ತರಿಸಿ ಬರುತ್ತಿದ್ದ.

"ಈ ಸಲ ಹೋದೆ. ಒಂದು ಕಲ್ಲೂ ಇಲ್ಲ, ಎಲ್ಲಾ ಬಯಲು. ಕತ್ತರಿ ಹಿಡ್ಕೊಂಡು ಎಲ್ಲಿ ಮಂಡಿ ಊರ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ ಕಣಮ್ಮ."