ನಾಲ್ಕನೇ ನಂಬರಿನ ಸಾಕ್ಷಿ

"ಅಣ್ಣಾ, ನನ್ನ ತಮ್ಮನ್ನ ನಾನೇ ಕಳ್ಳ ಅಂದ್ಬಿಟ್ಟೆ," ಅಂದಳು ಗೇಮ್ ಹಾಲ್ ಓನರಮ್ಮ, ಬಾಗಿಲಲ್ಲೇ ನಿಂತು. "ಅವನು ಟೂಲ್ ಬ್ಯಾಗ್ ಕಟ್ಕೊಂಡು ಹೊರಟು ನಿಂತಿದಾನೆ. ಕಳ್ಳ ಅಂತ ತೋರಿಸಿಕೊಡಿ, ಇಲ್ಲಾ ಅಲ್ಲ ಅಂತ ತೋರಿಸಿಕೊಡಿ. ನಡುವೆ ನೇತಾಡೋಕೆ ನನ್ನ ಕೈಲಾಗಲ್ಲ."

ತಡವಾಗಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದ ಭಾವ ಟವೆಲ್ಲಿಗೆ ಕೈ ಚಾಚಿದರು. ಡ್ರೈವಿಂಗ್ ಮೇಷ್ಟ್ರು ಅಷ್ಟು ಹೊತ್ತಿಗೆ ಚಪ್ಪಲಿ ಹಾಕಿಕೊಂಡಾಗಿತ್ತು.

ಭಾವ ವಿಮೆ ಕಂಪನಿಯಲ್ಲಿ ತನಿಖೆಯ ಕೆಲಸ ಮಾಡಿ ನಿವೃತ್ತರಾದವರು. ತಾವೇ ಬೆಂಕಿ ಇಟ್ಟು ಗೋದಾಮು ಸುಟ್ಟುಹೋಯಿತು ಅನ್ನುವವರು, ತಾವೇ ಕಾರನ್ನು ಕೆರೆಗೆ ತಳ್ಳಿ ಎದೆ ಬಡಿದುಕೊಳ್ಳುವವರು, ಇಂಥವರನ್ನು ನೋಡಿ ನೋಡಿ ಅವರ ಮುಖಕ್ಕೆ ಆಶ್ಚರ್ಯಪಡುವುದೇ ಮರೆತುಹೋಗಿತ್ತು. ಓಣಿಯಲ್ಲಿ ಏನು ಕಳೆದರೂ ಜನ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಜನರಿಗೆ ಕಾರು ಕಲಿಸುವ ಮೇಷ್ಟ್ರು ಅವರ ಮೈದುನ. ಅಕ್ಕನ ಮನೆಯಲ್ಲೇ ಊಟ, ಅಲ್ಲೇ ಜಗಳ. ಭಾವನಿಗೆ ಯೋಚನೆ ಮಾಡಲು ಎಷ್ಟು ಹೊತ್ತು ಬೇಕೋ, ಮೇಷ್ಟ್ರಿಗೆ ಸಿಟ್ಟು ಬರಲು ಅದರ ಕಾಲುಭಾಗ ಸಾಕು.

ಓನರಮ್ಮನ ಗೇಮ್ ಹಾಲ್ ಓಣಿಯ ಕೊನೆಯಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಆರು ಕಂಪ್ಯೂಟರ್ ಯಂತ್ರ, ಒಂದೊಂದಕ್ಕೂ ಎದೆಮಟ್ಟದ ಹಲಗೆಯ ಮರೆ. ಕೂತರೆ ಪಕ್ಕದವನ ತಲೆಯೂ ಕಾಣುವುದಿಲ್ಲ. ಎಲ್ಲ ಹಾಲ್‌ಗಳಲ್ಲೂ ವಿಂಡೋಸ್ ಇದ್ದರೆ ಇಲ್ಲಿ ಮಾತ್ರ ಲಿನಕ್ಸ್ ಎಂಬ ಬೇರೆಯೇ ಸಾಫ್ಟ್‌ವೇರ್ ವ್ಯವಸ್ಥೆ. ಅದು ಅವಳ ತಮ್ಮನ ಹಟ. ಅವನಿಗೆ ಮಾತು ಕಡಿಮೆ, ಆದ್ದರಿಂದ ಎಲ್ಲರ ಬಾಯಲ್ಲಿ ಮೌನಿ. ಲಿನಕ್ಸ್‌ನಲ್ಲಿ ಆಟ ಓಡುವುದಿಲ್ಲ ಎಂದು ನಕ್ಕವರೇ ಈಗ ಅವನ ಯಂತ್ರಗಳ ಮುಂದೆ ಸರದಿ ಕಾಯುತ್ತಿದ್ದರು. ಸಂಜೆ ಪಾಠ ಮುಗಿಸಿದ ಮೇಲೆ ಮೇಷ್ಟ್ರೂ ಅಲ್ಲಿ ಕಾರ್ ರೇಸ್ ಆಡುತ್ತಿದ್ದರು. ಕ್ಲಚ್ಚಿನ ಮೇಲಿಂದ ಕಾಲು ತೆಗೆಯದ ಶಿಷ್ಯರನ್ನು ದಿನವಿಡೀ ಸಹಿಸಿದವರಿಗೆ ಅಷ್ಟಾದರೂ ಬೇಡವೇ?

ನಾಳೆ ಬೆಳಗ್ಗೆ ಅಲ್ಲಿ ಕಾಲೇಜು ತಂಡಗಳ ರೇಸ್ ಸ್ಪರ್ಧೆ. ಅದು ಸುಸೂತ್ರವಾಗಿ ನಡೆದರೆ ವರ್ಷದ ಸ್ಪರ್ಧೆಗಳೆಲ್ಲ ಇಲ್ಲಿಗೇ ಬರುತ್ತವೆ. ಆರೂ ಯಂತ್ರಗಳನ್ನು ಒಂದೇ ಓಟದಲ್ಲಿ ಸೇರಿಸುವ ಸರ್ವರ್ ಮೂಲೆಯ ಗಾಜಿನ ಕೋಣೆಯಲ್ಲಿತ್ತು; ಒಬ್ಬೊಬ್ಬರೇ ಆಡಲು ಅದು ಬೇಕಿಲ್ಲ. ಈಗ ಅದರ ಪಕ್ಕದ ಮುಚ್ಚಳ ತೆಗೆದಿತ್ತು. ಸ್ಪರ್ಧೆಯ ಮಾಹಿತಿಯೆಲ್ಲ ತುಂಬಿದ್ದ ಒಳಗಿನ ಡಿಸ್ಕ್ ಇರಲಿಲ್ಲ. ಮೌನಿಯ ಸ್ಕ್ರೂಡ್ರೈವರ್ ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು.

"ಡಿಸ್ಕ್ ಎಷ್ಟು ದೊಡ್ಡದು?" ಭಾವ ಕೇಳಿದರು.

ಮೌನಿ ತೋರುಬೆರಳು ಎತ್ತಿ ತೋರಿಸಿದ. ಬ್ಯಾಗ್ ಹೆಗಲಿಗೇರಿತ್ತು.

"ಬೇರೆ ಡಿಸ್ಕ್ ಹಾಕಿ ಮತ್ತೆ ಕಟ್ಟೋಕೆ?"

"ಎರಡು ದಿನ."

ಕತೆಯನ್ನು ಓನರಮ್ಮನೇ ಹೇಳಿದಳು. ನಾಳೆಗೆ ಹೆಚ್ಚಿನ ಕುರ್ಚಿ ಬೇಕೆಂದು ಅವಳು ಮಧ್ಯಾಹ್ನ ಕೆಳಗೆ ಟೈರ್ ಅಂಗಡಿಗೆ ಹೋಗಿದ್ದಳು. ಮೌನಿ ಇಂಟರ್ನೆಟ್ ಕೇಬಲ್ ಸರಿಮಾಡಲು ತಾರಸಿಯ ಮೇಲಿದ್ದ. ಹಾಲ್‌ನಲ್ಲಿ ಉಳಿದವರು ಇಬ್ಬರೇ, ಕಾಲೇಜು ತಂಡದ ಕ್ಯಾಪ್ಟನ್ ಮತ್ತು ಸ್ಪರ್ಧೆಯ ಅಂಪೈರ್. ಅವಳು ಮರಳಿ ಬಂದಾಗ ಗಾಜಿನ ಕೋಣೆ ತೆರೆದಿತ್ತು. ಅದರ ಕೀಲಿ ಯಾವಾಗಲೂ ಗಲ್ಲಾದ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ, ಯಾರ ಕೈಗಾದರೂ ಸಿಗುವಂತೆ. ಮೌನಿಯ ಟೂಲ್ ಡಬ್ಬಿಯೂ ಗಲ್ಲಾದ ಮೇಲೇ ಇರುತ್ತದೆ. ಬಾಗಿಲು ಹಾಕಿಸಿ ಎಲ್ಲರ ಜೇಬು, ಚೀಲ ನೋಡಿದ್ದಾಯಿತು. ಏನೂ ಸಿಗಲಿಲ್ಲ.

"ಮೌನಿ ಮೇಲೆ ಯಾಕೆ ಅನುಮಾನ ಬಂತಮ್ಮ?"

ಓನರಮ್ಮ ನೆಲ ನೋಡಿದಳು. "ಬೆಳಗ್ಗೆ ಜಗಳ ಆಡಿದ್ವಿ. ತಂಡಗಳೆಲ್ಲ ವಿಂಡೋಸೇ ಬೇಕು ಅಂತಿದಾರೆ, ಹಾಕಿಬಿಡೋಣ ಕಣೋ ಅಂದೆ. ಹಾಕಿದರೆ ನಾನಿಲ್ಲಿ ಇರಲ್ಲ ಅಂದ. ಹಾಗಂದವನು, ಅವನದೇ ಸ್ಕ್ರೂಡ್ರೈವರ್... ಬಾಯಿಗೆ ಬಂದದ್ದು ಅಂದ್ಬಿಟ್ಟೆ."

"ತೆಗೆದ್ಯೇನಪ್ಪಾ?" ಭಾವ ಮೌನಿಯನ್ನು ಕೇಳಿದರು.

"ಇಲ್ಲ."

"ಮತ್ತೆ ಹಾಗಂತ ಅಕ್ಕನಿಗೆ ಹೇಳಬಾರದಾ?"

"ಕೇಳಲಿಲ್ಲ. ಅಂದುಬಿಟ್ಟಳು."

ಓನರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೇಷ್ಟ್ರಿಗೆ ಕೆನ್ನೆ ಬಿಸಿಯಾಯಿತು. ಯಾರ ಮೇಲೆ ರೇಗಬೇಕೆಂದು ಹುಡುಕಿದರು. ಕ್ಯಾಪ್ಟನ್ ಸಿಕ್ಕಿದ.

ಎರಡನೇ ನಂಬರಿನ ಕುರ್ಚಿಯಲ್ಲಿ ಅವನು ಕಾಲು ಚಾಚಿ ಕೂತಿದ್ದ. "ನಾನು ಮೊದಲಿಂದ ಬಡ್ಕೊಳ್ತಾ ಇದೀನಿ ಸಾರ್," ಅಂದ. "ಅಂಪೈರ್ ಸಾಹೇಬರ ಅಳಿಯನ ಹಾಲ್ ಇದೆ, ಪೂರ್ತಿ ವಿಂಡೋಸ್, ಅಲ್ಲಿ ಆಡೋಣ ಅಂತ. ಇದೇನು ಸಿಸ್ಟಮ್ಮೋ. ಇವತ್ತು ರೇಸ್ ತೆರೆದರೆ ಒಂದು ಹಸಿರು ಪಟ್ಟಿ ಬಂತು. ಬಸವನಹುಳು ಅದಕ್ಕಿಂತ ವಾಸಿ. ಅದು ಮುಗಿಯೋವರೆಗೂ ಬಾಯಿ ಮುಚ್ಕೊಂಡು ಕೂತೆ."

"ಬಾಯಿ ಮುಚ್ಕೊಂಡು ನೀನಾ?" ಮೇಷ್ಟ್ರು ಕೇಳಿದರು.

"ಹೆಡ್‌ಫೋನ್ ಹಾಕ್ಕೊಂಡಿದ್ದೆ. ಆಮೇಲೆ ಓನರಮ್ಮ ಕೂಗೋವರೆಗೂ ಆಡ್ತಾನೇ ಇದ್ದೆ."

"ಸ್ಪರ್ಧೆ ಬೇರೆ ಕಡೆ ಹೋಗಲಿ ಅಂತ ನಿನಗೇ ಆಸೆ. ಡಿಸ್ಕ್ ಎಲ್ಲಿಟ್ಟಿದೀಯ ಹೇಳು."

"ಲೋ ಮೈದುನ," ಅಂದರು ಭಾವ, "ನಿನ್ನ ಬ್ರೇಕ್ ಎಲ್ಲಿದೆ?"

ಅಂಪೈರ್ ನಡುವೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಹಿತವಾದ ದನಿ. "ಹುಡುಗನ್ನ ಬಿಡಿ ಮೇಷ್ಟ್ರೇ, ವಯಸ್ಸು. ನಾನು ನಾಲ್ಕನೇ ನಂಬರಲ್ಲಿ ಅದೇ ರೇಸ್ ಆಡ್ತಿದ್ದೆ. ಟ್ರ್ಯಾಕ್ ಪರೀಕ್ಷೆ ಮಾಡಬೇಕಲ್ಲ. ನಿಜ ಹೇಳಬೇಕಂದ್ರೆ ಮೌನಿಯ ಕೆಲಸ ಮೆಚ್ಚಬೇಕು. ಒತ್ತಿದೆ, ತೆರೀತು, ಬೆಣ್ಣೆ ತರ ಹೋಯ್ತು. ಲಿನಕ್ಸ್ ಅಂದ್ರೆ ಜನ ಸುಮ್ಮನೆ ಹೆದರ್ತಾರೆ."

"ನಿಮಗೆ ಕಾಯೋದೇನೂ ಬರಲಿಲ್ಲವಾ?" ಭಾವ ಕೇಳಿದರು.

"ಒಂದು ಕ್ಷಣವೂ ಇಲ್ಲ."

"ಹಸಿರು ಪಟ್ಟಿ?"

"ಯಾವ ಪಟ್ಟಿಯೂ ಇಲ್ಲ. ಕ್ಯಾಪ್ಟನ್ನಿಗೆ ಈ ಸಿಸ್ಟಮ್ ಕಂಡ್ರೆ ಆಗಲ್ಲ, ಅದಕ್ಕೆ ಏನೇನೋ ಅಂತಾನೆ. ಇರಲಿ, ಅಳಿಯನಿಗೆ ಫೋನ್ ಮಾಡಿದೀನಿ. ಅಲ್ಲಿ ಕುರ್ಚಿ ಹಾಕಿ ಎಲ್ಲ ತಯಾರಾಗಿದೆ. ಈ ಅಕ್ಕ ತಮ್ಮನ ಮರ್ಯಾದೆ ಉಳಿಸೋಣ, ಪೊಲೀಸ್ ಗಿಲೀಸ್ ಬೇಡ."

ಎಂಥ ದೊಡ್ಡ ಮನುಷ್ಯ ಅನ್ನಿಸಿತು ಮೇಷ್ಟ್ರಿಗೆ. ಕ್ಯಾಪ್ಟನ್ ಕಡೆ ಇನ್ನೊಮ್ಮೆ ಕಣ್ಣು ಬಿಟ್ಟರು.

ಭಾವನದು ಒಂದೇ ಪದ್ಧತಿ. ಸಾಕ್ಷಿ ಎಲ್ಲಿ ಕೂತಿದ್ದೆ ಅನ್ನುತ್ತಾನೋ ಅಲ್ಲಿ ಕೂತು ನೋಡಬೇಕು. ಏನು ಮಾಡುತ್ತಿದ್ದೆ ಅನ್ನುತ್ತಾನೋ ಅದನ್ನೇ ಮಾಡಿ ನೋಡಬೇಕು. "ನೀನು ನಾಲ್ಕರಲ್ಲಿ ಕೂತು ರೇಸ್ ತೆರಿ," ಅಂದರು ಮೈದುನನಿಗೆ. "ಅಲ್ಲಿಂದ ಗಾಜಿನ ಕೋಣೆ ಕಾಣುತ್ತಾ, ಬಾಗಿಲ ಸದ್ದು ಕೇಳುತ್ತಾ ನೋಡು." ಅಷ್ಟು ಹೇಳಿ ಮೌನಿಯ ಹೆಗಲ ಮೇಲೆ ಕೈಹಾಕಿ ತಾರಸಿಗೆ ಕರೆದೊಯ್ದರು.

ಮೇಷ್ಟ್ರು ಕೂತು ರೇಸ್ ಒತ್ತಿದರು. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡತುದಿಯಿಂದ ತೆವಳತೊಡಗಿತು. ಮೇಷ್ಟ್ರು ಕಾದರು. ಪಟ್ಟಿ ತೆವಳಿತು. ಇನ್ನೂ ತೆವಳಿತು.

"ಇದೇನು ಸಾಯ್ತದೋ ಬದುಕ್ತದೋ?" ಎಂದು ಅವರು ಕೂಗಿದ್ದು ಕೆಳಗಿನ ಟೈರ್ ಅಂಗಡಿಗೂ ಕೇಳಿಸಿತು.

ಆಟ ತೆರೆದುಕೊಂಡು ಕಾರು ಹೊರಡುವ ಹೊತ್ತಿಗೆ ಅಂಪೈರ್ ಪಕ್ಕದಲ್ಲಿ ಬಂದು ನಿಂತರು. "ಮೇಷ್ಟ್ರೇ, ಆ ಕುರ್ಚಿ ಸ್ವಲ್ಪ ಬಿಡ್ತೀರಾ? ನನಗೆ ಸೊಂಟ ನೋವು, ಅದೇ ಕುರ್ಚಿ ಒಗ್ಗಿದೆ."

"ಐದರದ್ದೂ ಅದೇ ಕುರ್ಚಿ. ಅಲ್ಲಿ ಕೂತ್ಕೊಳ್ಳಿ."

ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. "ಅದನ್ನೇ ಕೊಟ್ಟಿದ್ದರೆ ಉಪಕಾರವಾಗ್ತಿತ್ತು."

ತಿರುವಿನಲ್ಲಿ ಕಾರು ಕಂಬಕ್ಕೆ ಗುದ್ದಿತು. "ಸ್ವಾಮೀ, ಓಡಿಸೋವಾಗ ಮಾತಾಡಿಸಬಾರದು ಅಂತ ಕಾರೊಳಗೇ ಬೋರ್ಡು ಹಾಕಿದೀನಿ," ಅಂದರು ಮೇಷ್ಟ್ರು. "ನಮ್ಮ ಭಾವ ಬಂದು ಏಳು ಅನ್ನೋವರೆಗೂ ನಾನು ಏಳಲ್ಲ." ಅಂಪೈರ್ ಹೋಗಿ ಐದರಲ್ಲಿ ಕೂತರು. ಸೊಂಟದ ನೋವಿನವರು ಹಾಗೆ ದೊಪ್ಪನೆ ಕೂರುವುದನ್ನು ಮೇಷ್ಟ್ರು ನೋಡಿರಲಿಲ್ಲ.

ಭಾವ ಇಳಿದು ಬಂದಾಗ ಅವರ ಮುಖದಲ್ಲಿ ನೆಮ್ಮದಿ ಇತ್ತು. "ಏನು ಕಂಡೆಯೋ?"

"ಹಲಗೆ ಕಂಡಿತು. ಬೇರೆ ಏನೂ ಇಲ್ಲ. ಅರ್ಧ ಹೊತ್ತು ಆ ದರಿದ್ರ ಪಟ್ಟಿ ನೋಡೋದರಲ್ಲೇ ಹೋಯ್ತು. ಕ್ಯಾಪ್ಟನ್ ಕಳ್ಳ ಇರಬಹುದು, ಆದರೆ ಬಸವನಹುಳು ಅಂದದ್ದು ಮಾತ್ರ ನಿಜ."

ಭಾವ ತಟ್ಟನೆ ನಿಂತರು. "ಪಟ್ಟಿ ಬಂತಾ? ಇದೇ ನಾಲ್ಕರಲ್ಲಿ?"

"ಓಣಿಗೆಲ್ಲ ಕೇಳೋ ಹಾಗೆ ಬೈದೆನಲ್ಲ."

"ಶಹಬ್ಬಾಸ್. ಅಲ್ಲೇ ಕೂತಿರು, ಏಳಬೇಡ. ಎಲ್ಲರೂ ಇಲ್ಲಿ ಬನ್ನಿ."

ಎಲ್ಲರೂ ನಾಲ್ಕನೇ ನಂಬರಿನ ಸುತ್ತ ಸೇರಿದರು. ಮೌನಿ ಬ್ಯಾಗ್ ಇಳಿಸಿರಲಿಲ್ಲ.

"ಡಿಸ್ಕ್ ತೆಗೆಯೋಕೆ ಸಮಯ ಇದ್ದವರು ಮೂವರು," ಭಾವ ಶುರುಮಾಡಿದರು. "ಮೌನಿಯನ್ನ ಮೊದಲು ನೋಡೋಣ. ತಾರಸಿಗೆ ಹೋಗಿ ನೋಡಿದೆ. ಕೇಬಲ್ ಹೊಸದಾಗಿ ಬಿಗಿದಿದಾನೆ, ಆ ಕೆಲಸಕ್ಕೇ ಅಷ್ಟು ಹೊತ್ತು ಬೇಕು. ಇಷ್ಟಕ್ಕೂ ನಾಳೆ ಸ್ಪರ್ಧೆ ನಿಂತರೆ ಸೋಲೋದು ಅವನ ಲಿನಕ್ಸ್. ತನ್ನ ಹಟವನ್ನ ತಾನೇ ಯಾರಾದರೂ ಮುರೀತಾರಾ? ಟೂಲ್ ಡಬ್ಬಿ ಗಲ್ಲಾದ ಮೇಲೇ ಇತ್ತು. ಸ್ಕ್ರೂಡ್ರೈವರ್ ತಗೊಂಡು ಅಲ್ಲಿ ಬಿಟ್ಟುಹೋಗೋದು ಯಾರಿಗಾದರೂ ಸಾಧ್ಯ. ಈಗ ಮೌನಿ, ಆ ಹಸಿರು ಪಟ್ಟಿ ಏನು ಅಂತ ತಾರಸಿಯಲ್ಲಿ ನನಗೆ ಹೇಳಿದೆಯಲ್ಲ, ಇವರಿಗೂ ಹೇಳು."

ಮೌನಿ ಗಂಟಲು ಸರಿಮಾಡಿಕೊಂಡ. ಮೇಷ್ಟ್ರು ಅವನ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ಕೇಳಿದ್ದು ಅದೇ ಮೊದಲು.

"ಶೇಡರ್ ಅಂತಾರೆ. ಆಟದ ನೆರಳು, ಬೆಳಕು, ನೀರು ಇವನ್ನೆಲ್ಲ, ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿಗೆ ಒಗ್ಗೋ ಹಾಗೆ ಮೊದಲೇ ಸಿದ್ಧಮಾಡಿಕೊಳ್ಳುತ್ತೆ. ನಮ್ಮಲ್ಲಿ ಮೊದಲ ಸಾರಿ ಆಟ ತೆರೆದಾಗ ಪಟ್ಟಿ ಬರುತ್ತೆ. ಎರಡನೇ ಸಾರಿಗೆ ಬರಲ್ಲ. ಡ್ರೈವರ್, ಅಂದರೆ ಆ ಕಾರ್ಡನ್ನ ನಡೆಸೋ ಸಾಫ್ಟ್‌ವೇರ್, ಬದಲಾಯಿಸಿದರೆ ಮತ್ತೆ ಮೊದಲಿಂದ. ಇವತ್ತು ಬಾಗಿಲು ತೆಗೆಯೋಕೆ ಮುಂಚೆ ಆರಕ್ಕೂ ಹೊಸ ಡ್ರೈವರ್ ಹಾಕಿದ್ದೆ. ಒಂದೊಂದು ಯಂತ್ರವೂ ತನ್ನ ಪಾಡಿಗೆ ತಾನು ಮಾಡಿಕೊಳ್ಳುತ್ತೆ. ಸಂಜೆ ಕೂತು ಎಲ್ಲ ಮುಗಿಸೋಣ ಅಂತಿದ್ದೆ."

"ಕ್ಯಾಪ್ಟನ್, ನಿನ್ನ ಎರಡರಲ್ಲಿ ರೇಸ್ ತೆರಿ," ಅಂದರು ಭಾವ.

ಕ್ಯಾಪ್ಟನ್ ಒತ್ತಿದ. ಪಟ್ಟಿ ಇಲ್ಲ, ಆಟ ನೇರ ತೆರೆಯಿತು.

"ಯಾಕಂದ್ರೆ ಮಧ್ಯಾಹ್ನ ನೀನು ಕಾದು ಮುಗಿಸಿದೀಯ. ಈಗ ಯಾರೂ ಮುಟ್ಟದ ಆರನೇದು."

ಆರರಲ್ಲಿ ಹಸಿರು ಪಟ್ಟಿ ತೆವಳಿತು. ಎಲ್ಲರೂ ನಿಂತು ಅದನ್ನೇ ನೋಡಿದರು. ಅಂಪೈರ್ ಮಾತ್ರ ನೋಡಲಿಲ್ಲ.

"ಸಾಹೇಬರೇ, ನೀವು ಮಧ್ಯಾಹ್ನ ನಾಲ್ಕರಲ್ಲಿ ರೇಸ್ ಆಡಿದ್ದರೆ ನಿಮಗೆ ಪಟ್ಟಿ ಕಾಣಬೇಕಿತ್ತು. ಯಾವ ಪಟ್ಟಿಯೂ ಇಲ್ಲ ಅಂದಿರಿ. ನಿಮ್ಮ ನಂತರ ಕೂತ ನನ್ನ ಮೈದುನನಿಗೆ ಅದು ಕಾಣಬಾರದಿತ್ತು. ಅವನಿಗೆ ಕಂಡಿದೆ, ಅವನು ಬೈದದ್ದಕ್ಕೆ ಕೆಳಗಿನ ಅಂಗಡಿಯವರೂ ಸಾಕ್ಷಿ. ಇವತ್ತು ಈ ಯಂತ್ರದಲ್ಲಿ ಆ ಆಟವನ್ನ ಮೊದಲು ತೆರೆದವನು ಇವನು, ನೀವಲ್ಲ."

"ಪಟ್ಟಿ ಬಂದಿರಬಹುದು," ಅಂದರು ಅಂಪೈರ್. "ಬಿಟ್ಟು ಮುಂದೆ ಹೋಗೋ ಗುಂಡಿ ಇರುತ್ತಲ್ಲ, ಒತ್ತಿರಬೇಕು. ಮರೆತೆ."

"ಒತ್ತಬೇಕಾದರೂ ಮೊದಲು ಪಟ್ಟಿ ಕಾಣಬೇಕು," ಅಂದ ಮೌನಿ.

"ಕ್ಯಾಪ್ಟನ್ ಬೈದ, ನೀವು ಹೊಗಳಿದಿರಿ," ಭಾವ ಮುಂದುವರಿಸಿದರು. "ಬೈಯೋಕೆ ಕೂತು ನೋಡಿರಬೇಕು. ಹೊಗಳೋಕೆ ಅದೇನೂ ಬೇಡ. ನಿಮ್ಮ ಅಳಿಯನ ಹಾಲ್ ವಿಂಡೋಸ್, ಅಲ್ಲಿ ಈ ಪಟ್ಟಿ ನೀವು ನೋಡಿಲ್ಲ, ಅದಕ್ಕೇ ಸುಳ್ಳಿಗೆ ಅದನ್ನ ಸೇರಿಸೋದು ಹೊಳೀಲಿಲ್ಲ. ಸ್ಪರ್ಧೆ ಇಲ್ಲಿ ನಡೀಬೇಕಿತ್ತು. ಇಲ್ಲಿ ಡಿಸ್ಕ್ ಹೋದ ಕೂಡಲೇ ಅಲ್ಲಿ ಕುರ್ಚಿ ಹಾಕಿ ತಯಾರು. ಅಳಿಯನಿಗೆ ಕನಸು ಬಿದ್ದಿತ್ತಾ?"

ಕ್ಯಾಪ್ಟನ್ ನಿಧಾನವಾಗಿ ಕಾಲು ಮಡಚಿಕೊಂಡ.

"ಡಿಸ್ಕ್ ಎಲ್ಲಿ?" ಓನರಮ್ಮ ಕೇಳಿದಳು. "ಜೇಬೆಲ್ಲ ನೋಡಿದ್ವಲ್ಲ."

"ನೀವು ಬೇಗ ಬಂದಿರಿ, ಹೊರಗೆ ಸಾಗಿಸೋಕೆ ಆಗಲಿಲ್ಲ. ಇವರು ತಾವು ಕೂತಿದ್ದೆ ಅಂತ ಹೇಳಿದ ಜಾಗದಲ್ಲೇ ಅಡಗಿಸಿದಾರೆ. ಮೈದುನ, ನಾನು ಮೇಲೆ ಹೋದಾಗ ಯಾರಾದರೂ ನಿನ್ನ ಎಬ್ಬಿಸೋಕೆ ಬಂದರಾ?"

ಮೇಷ್ಟ್ರ ಬಾಯಿ ತೆರೆದೇ ಇತ್ತು. "ಸೊಂಟ ನೋವು ಅಂದರು. ಎರಡೆರಡು ಸಾರಿ."

"ಆರು ಕುರ್ಚಿನೂ ಒಂದೇ ಥರ. ಈಗ ಏಳು."

ಮೇಷ್ಟ್ರು ಎದ್ದರು. ಮೌನಿ ಬಗ್ಗಿ ಕುರ್ಚಿಯ ದಿಂಬಿನ ಚೀಲದ ಜಿಪ್ ಎಳೆದು ಒಳಗೆ ಕೈ ಹಾಕಿದ. ಬೆರಳಿನಷ್ಟು ಉದ್ದದ ತೆಳು ಹಸಿರು ಡಿಸ್ಕ್ ಹೊರಗೆ ಬಂತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಸರಿಯಾಗಿದೆ."

"ನಾನು ಕೂತದ್ದು ಅದರ ಮೇಲಾ?" ಅಂದರು ಮೇಷ್ಟ್ರು. "ಮುರಿದುಹೋಗಿದ್ದರೆ?"

"ನಿನ್ನಿಂದ ಇದುವರೆಗೆ ಏನೇನು ಮುರಿದಿಲ್ಲ ಅಂತ ನಿನ್ನ ಅಕ್ಕನ್ನ ಕೇಳು. ಇದೊಂದು ಉಳೀತು," ಅಂದರು ಭಾವ.

ಅಂಪೈರ್ ಚೀಲ ಎತ್ತಿಕೊಂಡರು. ಹಿತವಾದ ದನಿ ಎಲ್ಲೋ ಹೋಗಿತ್ತು. "ಅಳಿಯ ಹಾಲ್ ಮುಚ್ಚೋ ಸ್ಥಿತಿಗೆ ಬಂದಿದಾನೆ," ಅಂದರು. "ಮಗಳು ಅಳ್ತಾಳೆ. ನಾನೇನು ಮಾಡಲಿ?"

"ನಿಮ್ಮ ಮಗಳು ಅಳಬಾರದು, ಇವಳು ತಮ್ಮನ್ನ ಕಳ್ಕೊಂಡು ಅತ್ತರೆ ಪರವಾಗಿಲ್ಲ," ಮೇಷ್ಟ್ರು ಮುಂದೆ ಬಂದರು. "ಮುಖದ ಮೇಲೆ ನಗು ಇಟ್ಕೊಂಡು ಆ ಹುಡುಗನ್ನ ಕಳ್ಳ ಮಾಡಿದಿರಲ್ಲ, ಥೂ." ಭಾವ ಅವರ ತೋಳು ಹಿಡಿದರು. ಕ್ಯಾಪ್ಟನ್ ಆಗಲೇ ಸ್ಪರ್ಧೆಯ ಸಮಿತಿಗೆ ಫೋನ್ ಹಚ್ಚಿ ನಡೆದದ್ದೆಲ್ಲ ಒದರುತ್ತಿದ್ದ. ಅಂಪೈರ್ ಮೆಟ್ಟಿಲಿಳಿಯುವ ಮೊದಲೇ ನಾಳೆಗೆ ಬೇರೆ ಅಂಪೈರ್ ನೇಮಕವಾಗಿತ್ತು.

"ನಿನ್ನ ಮೇಲೆ ಹಾರಿದ್ದೆ, ಅದು ನನ್ನ ತಪ್ಪು," ಎಂದು ಮೇಷ್ಟ್ರು ಕ್ಯಾಪ್ಟನ್ನಿಗೆ ಹೇಳಿದರು. ಹೇಳುವಾಗಲೂ ಗದರಿದಂತೆಯೇ ಇತ್ತು.

"ಇರಲಿ ಬಿಡಿ ಮೇಷ್ಟ್ರೇ. ನನ್ನ ಕಾಪಾಡಿದ್ದು ಈ ಹಾಳು ಪಟ್ಟಿ. ಇನ್ನು ಅದನ್ನ ಹೇಗೆ ಬೈಲಿ?"

ಓನರಮ್ಮ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗಾಜಿನ ಕೋಣೆಯ ಕೀಲಿ ಅವಳ ಕೈಯಲ್ಲಿತ್ತು. ತಮ್ಮನ ಎದುರು ಬಂದು ಅವನ ಅಂಗಿಯ ಜೇಬಿಗೆ ಅದನ್ನು ಹಾಕಿದಳು.

"ಮೊಳೆಗೆ ಹಾಕು," ಅಂದ ಮೌನಿ.

"ಇಲ್ಲ. ಇನ್ನು ನಿನ್ನ ಹತ್ರಾನೇ ಇರಲಿ. ವಿಂಡೋಸ್ ಮಾತು ಮತ್ತೆ ಎತ್ತಲ್ಲ." ಅವಳು ಸ್ವಲ್ಪ ತಡೆದಳು. "ಮೊದಲು ನಿನ್ನ ಕೇಳಬೇಕಿತ್ತು ಕಣೋ."

ಮೌನಿ ಹೆಗಲಿನಿಂದ ಬ್ಯಾಗ್ ಇಳಿಸಿ, ಜಿಪ್ ತೆಗೆದು, ಟೂಲುಗಳನ್ನು ಒಂದೊಂದಾಗಿ ಗಲ್ಲಾದ ಮೇಲಿನ ಡಬ್ಬಿಗೆ ಜೋಡಿಸತೊಡಗಿದ. ಓನರಮ್ಮ ಆ ಖಾಲಿ ಬ್ಯಾಗನ್ನು ಮಡಚಿ ಅಟ್ಟದ ಮೇಲೆ ಎಸೆದಳು, ಏಣಿ ಇಲ್ಲದೆ ಕೈಗೆ ಸಿಗದಷ್ಟು ಹಿಂದಕ್ಕೆ.