ಸೋರಲೆಂದೇ ಬಿಟ್ಟ ತೂತು

ಸದ್ದಿಲ್ಲದೆ ಒರೆಸುತ್ತಿದ್ದೆ.

ಸತ್ತ ಟ್ಯಾಕ್ಸಿಯ ಕೆಳಗೆ ಅಂಗಾತ ಮಲಗಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ವಾಟರ್ ಪಂಪಿನ ಜಿಡ್ಡು ಒರೆಸುತ್ತಿದ್ದೆ. ಕಿವಿಯ ಪಕ್ಕದಲ್ಲೇ ಒಂದು ಜೊತೆ ಬೂಟು. ಉಸಿರು ಬಿಟ್ಟರೂ ಕೇಳಿಸುವಷ್ಟು ಹತ್ತಿರ!

ಬೂಟು ಟ್ಯಾಕ್ಸಿಯ ಮಾಲೀಕ ಸಾಹುಕಾರನ ಬಂಟನದು. ಎಲ್ಲರೂ ಅವನನ್ನು ಗೂಳಿ ಎನ್ನುತ್ತಾರೆ. ಅವನ ಕುತ್ತಿಗೆ ನೋಡಿದವರು ಯಾಕೆ ಎಂದು ಕೇಳುವುದಿಲ್ಲ.

ಕಳುವಾದ ಕಾರು ಹುಡುಕಿಕೊಡುವುದು ನನ್ನ ಕಸುಬು. ಇವತ್ತು ಕಾರು ಕಣ್ಣೆದುರೇ ಇತ್ತು. ಹೋಗಲಿದ್ದದ್ದು ನನ್ನ ಭಾವನ ಬೆರಳುಗಳು.

ಅವನು ಓಡಿಸುತ್ತಿದ್ದ ಟ್ಯಾಕ್ಸಿಯ ಇಂಜಿನ್ ಹೆದ್ದಾರಿಯ ನಡುವೆ ಸೀಜ್ ಆಗಿ, ಅಲುಗದಂತೆ ಹಿಡಿದುಕೊಂಡಿತ್ತು. ರಿಪೇರಿಯ ಖರ್ಚಿಗೆ ಇನ್ನೊಂದು ಕಾರೇ ಬರುತ್ತದೆ ಎಂದಿದ್ದರು. ಸಾಹುಕಾರ ಕೆಂಡವಾಗಿದ್ದ.

"ಯಾರು ಕೆಡಿಸಿದ್ದು ಅಂತ ಮಧ್ಯಾಹ್ನದೊಳಗೆ ಹೇಳು. ಇಲ್ಲಾಂದ್ರೆ ನಿನ್ನ ಭಾವ ಇನ್ಮೇಲೆ ಸ್ಟೀರಿಂಗ್ ಹಿಡಿಯೋ ಹಾಗಿಲ್ಲ. ನೀನು ಅವನ ಕಡೆಯವಳು, ಕಾರು ಮಾತ್ರ ಮುಟ್ಕೂಡದು!"

ಭಾವ... ಅವನನ್ನು ಮೊದಲು ನೋಡಿದ್ದು ನಾನು. ಮದುವೆಯಾದದ್ದು ಅಕ್ಕ.

ಬಟ್ಟೆಗೆ ಏನೋ ತಗುಲಿತು. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು. ಅದಕ್ಕೆ ಬೂದು ಬಣ್ಣದ ಅಂಟು ಮೆತ್ತಿತ್ತು. ಒಡೆದ ಬಕೆಟ್ಟಿಗೆ ಹಚ್ಚುತ್ತೀವಲ್ಲ, ಅದೇ. ಸ್ಕ್ರೂಡ್ರೈವರಿನಿಂದ ಮೀಟಿದೆ.

ಟಕ್!

"ಯಾವುದೋ ಬೆಕ್ಕು ಕೆಳಗೆ?" ಬೂಟು ತಿರುಗಿತು.

ಬೆಕ್ಕು ಕಳಚಿದ ಅಂಟಿನ ತುಂಡನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಪಕ್ಕದಿಂದ ಉರುಳಿ ಕಾಂಪೌಂಡ್ ಹಾರಿತು. ಹಿಂದಿನಿಂದ ಬಂದ ಸ್ಪ್ಯಾನರ್ ನನ್ನ ತಲೆಗೂದಲು ಸವರಿ ಗೋಡೆಗೆ ಬಡಿಯಿತು. ಒಂದು ಗಲ್ಲಿ... ಲಾಂಡ್ರಿಯ ಹಬೆ... ಇನ್ನೊಂದು ಗಲ್ಲಿ! ಗೂಳಿಗೆ ಕುತ್ತಿಗೆ ಇತ್ತು, ದಮ್ಮು ಇರಲಿಲ್ಲ.

ನಾನು ನುಗ್ಗಿದ್ದು ಭಾವನ ಕಾಯಂ ಗ್ಯಾರೇಜಿಗೆ. ಅದರ ಒಡತಿಯ ಮೇಲೆ ನನಗೆ ಮೊದಲಿಂದಲೂ ಅನುಮಾನ. ಭಾವ ದಿನಾ ಬೆಳಿಗ್ಗೆ ಇಲ್ಲಿಗೆ ಬರುತ್ತಿದ್ದ. ಇವಳ ನಗುವಿಗೆ ಬರುತ್ತಾನೆಂದು ಅಕ್ಕ ಅಳುತ್ತಿದ್ದಳು. ಅವಳಿಗೆ ಅಳುವ ಹಕ್ಕಾದರೂ ಇತ್ತು. ನನಗೆ?

ಶಟರ್ ಎಳೆದೆ. ಸ್ಕ್ರೂಡ್ರೈವರ್ ಅವಳ ಕತ್ತಿಗಿಟ್ಟೆ.

"ಈ ಅಂಟು ಮೆತ್ತಿದ್ದು ನೀನೇ ತಾನೇ?"

ಹೆದರಲಿಲ್ಲ ಹೆಂಗಸು. ತುಂಡನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಪಂಪಿನ ಅಡೀಲಿತ್ತಾ? ಅಯ್ಯೋ... ಆ ತೂತು ಸೋರ್ಲಿ ಅಂತಲೇ ಬಿಟ್ಟಿರ್ತಾರಮ್ಮ! ಒಳಗಿನ ಸೀಲ್ ಹೋದ್ರೆ ನೀರು ಅಲ್ಲಿಂದ ತೊಟ್ಟಿಕ್ಕುತ್ತೆ. ಅದನ್ನ ಮುಚ್ಚಿದ್ರೆ ಬೇರಿಂಗಿಗೆ ನುಗ್ಗುತ್ತೆ. ಬೇರಿಂಗ್ ಪುಡಿ, ಪಂಪು ಬಂದ್, ಇಂಜಿನ್ ಕುದ್ದು ಹಿಡ್ಕೊಳ್ತು."

"ಭಾವ ದಿನಾ ಯಾಕೆ ಬರ್ತಿದ್ರು?"

"ನೀರು ತುಂಬಿಸ್ಕೊಳ್ಳೋಕೆ! ಹೊಸ ಪಂಪು ಹಾಕ್ಸಿ ಅಂದ್ರೆ ಸಾಹುಕಾರ, ಓಡೋವರೆಗೂ ಓಡ್ಲಿ ಅಂದ. ಕೆಟ್ಟ ಟೆಂಪರೇಚರ್ ಮೀಟರನ್ನೂ ಮಾಡ್ಸಿಲ್ಲ. ಹೋದ ವಾರ ನಿನ್ನ ಭಾವ ಬಂದು, ಸೋರೋದು ತಾನಾಗೇ ನಿಂತೋಯ್ತು ಅಂದ್ರು. ಆಮೇಲೆ ಪತ್ತೇನೇ ಇಲ್ಲ."

"ನಗೋಕೆ ಬರ್ತಿರ್ಲಿಲ್ವಾ?"

"ನಗ್ತಿದ್ರು, ಹೆಂಡ್ತಿ ಸುದ್ದಿ ಹೇಳ್ಕೊಂಡು. ಕೇಳಿ ಕೇಳಿ ನನಗೇ ತಲೆನೋವು!"

ಸ್ಕ್ರೂಡ್ರೈವರ್ ಇಳಿಸಿದೆ. ಅದಕ್ಕಿಂತ ಆ ಮಾತೇ ಚೂಪಾಗಿತ್ತು.

"ಇಲ್ನೋಡು," ಎಂದಳು. ಅಂಟಿನಲ್ಲಿ ಒಂದು ಕೆಂಪು ಚಕ್ಕೆ. "ನೇಲ್ ಪಾಲಿಶ್. ಇನ್ನು ನನ್ನ ಉಗುರು ನೋಡು."

ಅವಳ ಉಗುರುಗಳಲ್ಲಿ ಗ್ರೀಸಿನ ಕಪ್ಪು ಬಿಟ್ಟರೆ ಬೇರೆ ಬಣ್ಣವಿರಲಿಲ್ಲ.

ಕೆಂಪು ಯಾರದೆಂದು ನನಗೆ ಗೊತ್ತಿತ್ತು. ಗಂಡ ಗ್ಯಾರೇಜಿಗೆ ಹೋಗಲು ಶುರುಮಾಡಿದ ಮೇಲೆಯೇ ಅಕ್ಕ ಉಗುರಿಗೆ ಬಣ್ಣ ಹಚ್ಚತೊಡಗಿದ್ದು. ಮನೆಯಲ್ಲಿ ಸೋರುವ ಬಕೆಟ್ಟು, ಸಿಂಕು, ಪೈಪು... ಎಲ್ಲಕ್ಕೂ ಈ ಅಂಟು ಮೆತ್ತುವವಳೂ ಅವಳೇ. ಸೋರುವುದು ನಿಂತರೆ ಗಂಡ ಅಲ್ಲಿಗೆ ಹೋಗುವುದೂ ನಿಲ್ಲುತ್ತದೆ. ಎಷ್ಟು ಸುಲಭ!

ಒಂದು ಮಾತು ಆಡಿದರೆ ಅಕ್ಕನ ಸಂಸಾರ ಮುಗಿಯಿತು. ನಾಲಿಗೆ ತುರಿಸಿತು. ನಿಮ್ಮ ಹತ್ತಿರ ಸುಳ್ಳು ಯಾಕೆ?

ಸಾಹುಕಾರನ ಷೆಡ್ಡಿಗೆ ಓಡಿದೆ. ಭಾವನ ಬಲಗೈ ಆಗಲೇ ಬೆಂಚಿನ ಮೇಲಿನ ಕಬ್ಬಿಣದ ವೈಸಿನ ದವಡೆಗಳ ನಡುವೆ ಇತ್ತು. ಹಿಡಿಕೆಯ ಮೇಲೆ ಗೂಳಿಯ ಕೈ. ಸುದ್ದಿ ಕೇಳಿ ಓಡಿಬಂದಿದ್ದ ಅಕ್ಕ ಮೂಲೆಯಲ್ಲಿ ಮುದುಡಿದ್ದಳು.

"ಯಾರು?" ಸಾಹುಕಾರ ಗುರುಗುಟ್ಟಿದ.

ಅಂಟಿನ ತುಂಡನ್ನು ಬೆಂಚಿನ ಮೇಲೆ ಎಸೆದೆ.

"ಪಂಪಿನ ತೂತಿಗೆ ಇದನ್ನ ಮೆತ್ತಿದ್ದಾರೆ. ಅದಕ್ಕೇ ಇಂಜಿನ್ ಹೋಯ್ತು. ಮೆತ್ತಿದವರು..."

ಅಕ್ಕ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿದಳು. ಭಾವ ಅದನ್ನು ನೋಡಿದ. ತುಂಡಿನ ಮೇಲಿನ ಕೆಂಪನ್ನೂ ನೋಡಿದ.

"ನಾನೇ!" ಎಂದ. "ನಾನೇ ಮೆತ್ತಿದ್ದು. ಸೋರೋದು ನಿಲ್ಲುತ್ತೆ ಅನ್ಕೊಂಡೆ. ಅವಳನ್ನ... ಯಾರನ್ನೂ ಏನೂ ಕೇಳ್ಬೇಡಿ."

ನನಗಾಗಿ ಯಾರೂ ಒಂದು ಉಗುರನ್ನೂ ಒಡ್ಡಿದವರಲ್ಲ.

ಹಿಡಿಕೆ ತಿರುಗಿತು. ಭಾವ ಕಿರುಚಿದ.

"ನಿಲ್ಸಿ!" ಎಂದೆ. "ಸಾಹುಕಾರ್ರೇ, ಪಂಪು ಸೋರ್ತಿದೆ ಅಂದಾಗ ಓಡ್ಲಿ ಬಿಡು ಅಂದಿದ್ದು ನೀವು. ಟೆಂಪರೇಚರ್ ಮೀಟರ್ ಕೆಟ್ಟಿದ್ರೂ ಮಾಡ್ಸಿಲ್ಲ. ಕಾರಲ್ಲಿದ್ದ ಪ್ಯಾಸೆಂಜರ್ ವಕೀಲರನ್ನ ಹುಡುಕ್ತಿದ್ದಾನೆ. ಇದನ್ನೆಲ್ಲ ಅವನಿಗೆ ಹೇಳ್ಲಾ?"

ಆ ಪ್ಯಾಸೆಂಜರ್ ಯಾರೋ, ಎಲ್ಲಿದ್ದಾನೋ, ನನಗೆ ಗೊತ್ತೇ ಇರಲಿಲ್ಲ.

ಸಾಹುಕಾರನ ಮುಖ ಇಳಿಯಿತು. ಕಣ್ಸನ್ನೆ ಮಾಡಿದ. ವೈಸ್ ಬಾಯಿ ಬಿಟ್ಟಿತು.

"ಕೆಲಸ ಹೋಯ್ತು ನಿಂದು! ತೊಲಗಿ ಎಲ್ಲಾ!"

ಗೇಟಿನಾಚೆ ಕಟ್ಟೆಯ ಮೇಲೆ ಕುಸಿದು ಕೂತೆವು. ಭಾವನ ಬೆರಳುಗಳು ಊದಿದ್ದವು, ಮುರಿದಿರಲಿಲ್ಲ. ಅಕ್ಕ ಅವಕ್ಕೆ ಬಾಟಲಿಯ ನೀರು ಸುರಿದಳು, ಊದಿದಳು, ಅತ್ತಳು. ಭಾವ ಎಡಗೈಯಲ್ಲಿ ಅವಳ ಕಣ್ಣೊರೆಸಿದ. ಅವನು ಕುಡಿದ. ಅವಳಿಗೂ ಕುಡಿಸಿದ.

ನನ್ನ ಗಂಟಲು ಒಣಗಿ ಮರಳಾಗಿತ್ತು.

"ನನಗೂ ಒಂದು ಗುಟುಕು ನೀರು ಕೊಡಕ್ಕಾ," ಎಂದೆ.

ಬಾಟಲಿ ಅವರಿಬ್ಬರ ನಡುವೆಯೇ ಓಡಾಡುತ್ತಿತ್ತು.