ಗ್ಲೆನೆಲ್ಗ್ ಜೆಟ್ಟಿಯ ಕೆಂಪು ಛತ್ರಿ

ಬ್ರಿಸ್ಬೇನಿನಿಂದ ಅಡಿಲೇಡಿಗೆ ಬಂದಿಳಿದ ಮಧುರಾಳ ಬ್ಯಾಗಿನಲ್ಲಿ ಒಂದು ಮರದ ಹಲಗೆಯಿತ್ತು. ದಾರಿಯಲ್ಲಿ ಅದನ್ನು ನಾಲ್ಕು ಸಲ ತೆಗೆದು ನೋಡಿದ್ದಳು.

ಬೇಸಿಗೆಯಲ್ಲಿ ಅಡಿಲೇಡಿನ ಕಡಲತೀರದ ಗ್ಲೆನೆಲ್ಗ್‌ನ ಸ್ಟುಡಿಯೋದಲ್ಲಿ ಜಪಾನಿ ಮರದಚ್ಚಿನ ಚಿತ್ರಗಳ ವರ್ಕ್‌ಶಾಪ್ ನಡೆದಿತ್ತು. ಚೆರ್ರಿ ಹೂವಿನ ವಸಂತ, ಹಿಮ ಹೊದ್ದ ಸೇತುವೆ, ಓರೆ ಗೆರೆಗಳಲ್ಲಿ ಸುರಿಯುವ ಮಳೆ ನೋಡುತ್ತ ಅವಳೂ ಪರ್ತ್‌ನಿಂದ ಬಂದಿದ್ದ ಉತ್ತಮ್‌ನೂ ಊಟವನ್ನೇ ಮರೆತಿದ್ದರು. ಗಣಿಯಲ್ಲಿ ಜಿಯಾಲಜಿಸ್ಟ್ ಆಗಿದ್ದ ಆ ಮೈಸೂರಿನ ಹುಡುಗನಿಗೆ ಮಾತು ಕಡಿಮೆ, ನಗು ಧಾರಾಳ. ಕಡಲಿನೊಳಕ್ಕೆ ಚಾಚಿದ ಇಲ್ಲಿನ ಕಾಲುಸೇತುವೆ, ಜೆಟ್ಟಿಯ ಮೇಲಿನ ಚಳಿಗಾಲದ ಮಳೆಯನ್ನೂ ಹಾಗೇ ಅಚ್ಚು ಹಾಕೋಣವೆಂದು ಇಬ್ಬರೂ ಒಂದೇ ಸ್ಕೆಚ್ಚಿನ ಪ್ರತಿ ಹಂಚಿಕೊಂಡರು. ಗೆರೆಗಳ ಹಲಗೆ ಅವನದು, ಬಣ್ಣದ ಹಲಗೆ ಇವಳದು. ತಂತಮ್ಮ ಊರಿನಲ್ಲಿ ಕೊರೆದು, ಚಳಿಗಾಲದಲ್ಲಿ ಇಲ್ಲಿಗೇ ತಂದು ಒಂದೇ ಕಾಗದದ ಮೇಲೆ ಒತ್ತುವುದೆಂದಾಗಿತ್ತು.

ಸ್ಕೆಚ್ಚಿನಲ್ಲಿ ಇಲ್ಲದ್ದೊಂದನ್ನು ಮಧುರಾ ಕದ್ದು ಕೊರೆದಿದ್ದಳು. ಜೆಟ್ಟಿಯ ತುದಿಯಲ್ಲಿ ಇಬ್ಬರಿಗಾಗುವಷ್ಟು ದೊಡ್ಡ ಛತ್ರಿ. ಫೋನಿನಲ್ಲಿ ನಾಲಿಗೆ ತುದಿಗೆ ಬಂದು ನಿಲ್ಲುತ್ತಿದ್ದುದನ್ನು ಅದೇ ಹೇಳಲಿ ಎಂದು. ಅವನು ನಕ್ಕುಬಿಟ್ಟರೆ ಇದ್ದ ಗೆಳೆತನವೂ ಹೋದಂತೆ.

ಈಗ ಅದೇ ಸ್ಟುಡಿಯೋದಲ್ಲಿ ಮೊದಲು ಉತ್ತಮ್ ತನ್ನ ಹಲಗೆಯ ಗೆರೆಗಳನ್ನು ಅಚ್ಚೊತ್ತಿದ. ಕಾಗದ ಎತ್ತಿದವನ ಮುಖ ಪೆಚ್ಚಾಯಿತು. ಬಲಕ್ಕೆ ಚಾಚಬೇಕಿದ್ದ ಜೆಟ್ಟಿ ಎಡಕ್ಕೆ ಹೊರಟಿತ್ತು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಸ್ಕೆಚ್ಚನ್ನು ಹಲಗೆಗೆ ಮಗುಚಿ ಅಂಟಿಸಬೇಕು ಎಂಬುದನ್ನೇ ಅವನು ಮರೆತಿದ್ದ.

ಮಧುರಾ ನೋಡಿದ್ದು ಅದನ್ನಲ್ಲ. ಜೆಟ್ಟಿಯ ತುದಿಯಲ್ಲಿ ಇಬ್ಬರು ಮಳೆಗೆ ಮೈಯೊಡ್ಡಿ ನಿಂತಿದ್ದರು. ಒಬ್ಬಳಿಗೆ ಉದ್ದ ಜಡೆ. ಮಧುರಾಳ ಕೈ ತಾನಾಗಿಯೇ ತನ್ನ ಜಡೆಗೆ ಹೋಯಿತು.

“ಇವ್ರು ಯಾರು? ಸ್ಕೆಚ್ಚಲ್ಲಿ ಇರ್ಲಿಲ್ವಲ್ಲ.”

“ಯಾರೋ ಟೂರಿಸ್ಟ್‌ಗಳು,” ಎಂದವನ ಕಿವಿ ಕೆಂಪಾಯಿತು. ಇದು ಹಾಳಾಯ್ತು, ಹೊಸದು ಕೊರೆದು ತರ್ತೀನಿ ಎನ್ನುತ್ತ ಕಾಗದ ಮುದುರಲು ಹೋದ. ಅವಳು ಕಸಿದುಕೊಂಡು, ತನ್ನ ಹಲಗೆಯ ಛತ್ರಿಗಷ್ಟೇ ಕೆಂಪು ಸವರಿ, ಅದೇ ಕಾಗದ ಹಾಸಿ ಉಜ್ಜಿದಳು. ಅವಳು ಸರಿಯಾಗಿಯೇ ಮಗುಚಿ ಕೊರೆದಿದ್ದ ಛತ್ರಿ ಬಲಗಡೆಯ ದಡದ ಮರಳಿನ ಮೇಲೆ ಒಂಟಿಯಾಗಿ ಬಿತ್ತು.

ಉತ್ತಮ್ ಛತ್ರಿಯನ್ನು ನೋಡಿದ, ಅವಳನ್ನು ನೋಡಿದ. ಅವಳಿಗೆ ಎದ್ದು ಓಡಿಹೋಗಬೇಕೆನಿಸಿತು. ಅವನು ಆ ತೆಳು ಕಾಗದವನ್ನು ನಟ್ಟನಡುವೆ ಮಡಿಸಿ ಕಿಟಕಿಯ ಬೆಳಕಿಗೆ ಹಿಡಿದ. ಕೆಂಪು ಛತ್ರಿ ಆ ಇಬ್ಬರ ತಲೆಯ ಮೇಲೆ ಸರಿಯಾಗಿ ಕೂತಿತ್ತು.

“ಟೂರಿಸ್ಟ್‌ಗಳಲ್ಲ ಮಧುರಾ, ನಾವೇ,” ಎಂದ. “ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ಹೇಳೋಕೆ ಧೈರ್ಯ ಬರ್ಲಿಲ್ಲ, ಕೊರೆದ್ಬಿಟ್ಟೆ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. “ನಿಮ್ಮೊಬ್ರನ್ನೇ ಬಿಟ್ರೆ ಎಡ-ಬಲ ಉಲ್ಟಾ ಮಾಡ್ತೀರ. ಮುಂದಿನ ವಸಂತದ ಚಿತ್ರಕ್ಕೆ ಎರಡೂ ಹಲಗೆ ಒಂದೇ ಮೇಜಿನ ಮೇಲೆ ಕೊರೆಯೋಣ.”

ಮೇಜು ಪರ್ತ್‌ನಲ್ಲೋ ಬ್ರಿಸ್ಬೇನಿನಲ್ಲೋ ಎಂದು ಜಗಳವಾಡುತ್ತಲೇ ಇಬ್ಬರೂ ಜೆಟ್ಟಿಯತ್ತ ಹೊರಟರು. ಹೊರಗೆ ಮಳೆ ಶುರುವಾಗಿತ್ತು. ಛತ್ರಿಯನ್ನು ಇಬ್ಬರೂ ತಂದಿರಲಿಲ್ಲ.